ತೊಳೆದರೂ ಹೋಗದ ಎಣ್ಣೆ

ಮೇ ಹನ್ನೆರಡು, ಬೆಳಿಗ್ಗೆ ಎಂಟು ನಲವತ್ತು. ಮಾನಂದವಾಡಿ ಬಳಿಯ ಬೇಗೂರು ಕಾಡಿನ ಅಂಚಿನ ಒಂದು ಆದಿವಾಸಿ ಹಾಡಿಯ ಅಂಗನವಾಡಿಯಲ್ಲಿ, ಮೂರು ವರ್ಷದ ಒಬ್ಬ ಹುಡುಗಿಯ ಎಡ ಮುಂಗೈಯ ಮೇಲೆ ಮೊದಲ ಟೇಪು ಅಂಟಿಸಿದೆ. ಅವಳು ಅಳಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು ನನ್ನ ಚಿಮಟವನ್ನೇ ನೋಡುತ್ತಿದ್ದಳು. ಮೊಣಕೈ ಸಂದು, ಕುತ್ತಿಗೆ, ಕೆನ್ನೆಗಳಲ್ಲಿ ಇಸುಬು ಇತ್ತು. ಆದರೆ ಆ ದಿನ ಚರ್ಮ ನಾನು ನಿರೀಕ್ಷಿಸಿದ್ದಕ್ಕಿಂತ ನಯವಾಗಿತ್ತು.

ನಾನಾಗ ಒಂದು ಅಧ್ಯಯನಕ್ಕಾಗಿ ಹಾಡಿಯಿಂದ ಹಾಡಿಗೆ ತಿರುಗಿ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದೆ. ಕನ್ನಡವೂ ಮಲಯಾಳವೂ ಬರುತ್ತದೆ ಎಂಬ ಕಾರಣಕ್ಕೆ ಗಡಿಭಾಗದ ಹಾಡಿಗಳು ನನ್ನ ಪಾಲಿಗೆ ಬಂದಿದ್ದವು. ಅಧ್ಯಯನದ ಪ್ರಶ್ನೆ ಹೀಗಿತ್ತು. ಹರ್ಪಿಸ್ ವೈರಸ್ ಹೆಚ್ಚಿನವರ ತುಟಿಯಂಚಿನಲ್ಲಿ ಒಂದು ಗುಳ್ಳೆಯಾಗಿ ಎದ್ದು ವಾರದಲ್ಲಿ ಒಣಗಿಹೋಗುತ್ತದೆ. ಇಸುಬು ಇರುವ ಕೆಲವರಲ್ಲಿ ಮಾತ್ರ ಅದು ಚರ್ಮದ ಮೇಲೆಲ್ಲ ಹಬ್ಬಿ ಜೀವಕ್ಕೇ ಅಪಾಯ ತರುತ್ತದೆ. ಆ ಕೆಲವರು ಯಾರೆಂದು ಮೊದಲೇ ತಿಳಿಯಲು ಸಾಧ್ಯವೇ? ಚರ್ಮದ ಮೇಲ್ಪದರದಲ್ಲಿ ಒಳಗಿನ ನೀರನ್ನು ಹಿಡಿದಿಟ್ಟು ಹೊರಗಿನದನ್ನು ತಡೆಯುವ ಕೊಬ್ಬುಗಳಿವೆ. ಸೆರಮೈಡ್ ಅವುಗಳಲ್ಲಿ ಮುಖ್ಯವಾದದ್ದು. ಇಸುಬಿನ ಚರ್ಮದಲ್ಲಿ ಉದ್ದ ಸರಪಳಿಯ ಸೆರಮೈಡ್ ಕಡಿಮೆಯಾಗಿ ಗಿಡ್ಡ ಸರಪಳಿಯದು ಹೆಚ್ಚಾಗಿರುತ್ತದೆ. ಈ ಏರುಪೇರು ಹೆಚ್ಚಾಗಿದ್ದವರಿಗೇ ವೈರಸ್ಸೂ ಹೆಚ್ಚು ತಗಲುತ್ತದೆಯೇ ಎಂದು ನೋಡಲು, ಟೇಪಿನಲ್ಲಿ ಚರ್ಮದ ಹೊಟ್ಟನ್ನು ಎತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು.

ಟೇಪು ನಾಣ್ಯದಷ್ಟು ಅಗಲದ್ದು. ಸ್ಪ್ರಿಂಗ್ ಇರುವ ಒಂದು ಸಾಧನದಿಂದ ಪ್ರತಿ ಸಲವೂ ಒಂದೇ ಒತ್ತಡ ಬೀಳುವ ಹಾಗೆ ಅದನ್ನು ಒತ್ತಿ, ಚಿಮಟದಿಂದ ಎಳೆದು ಗಾಜಿನ ಸೀಸೆಗೆ ಹಾಕಬೇಕು. ಪ್ಲಾಸ್ಟಿಕ್ ಸೀಸೆ ಆಗದು, ಅದರದೇ ಜಿಡ್ಡು ಬೆರೆಯುತ್ತದೆ. ಸೀಸೆ ಆ ಕ್ಷಣವೇ ಮಂಜುಗಡ್ಡೆಯ ಪೆಟ್ಟಿಗೆಗೆ ಹೋಗಬೇಕು. ನನ್ನ ಕೈಯ ಜಿಡ್ಡು ಸೇರಬಾರದೆಂದು ನಾನು ತಲೆಗೆ ಎಣ್ಣೆ ಹಾಕುವುದನ್ನೇ ಬಿಟ್ಟಿದ್ದೆ. ಕೊಳವಳ್ಳಿಯ ನಮ್ಮ ಮನೆಯಲ್ಲಿ ಅವ್ವ, "ಕೂದಲು ತೆಂಗಿನ ನಾರಾಗಿದೆ, ನಿನ್ನ ಕೆಲಸಕ್ಕೆ ಬೆಂಕಿ ಬೀಳ" ಎಂದು ಬಯ್ಯುತ್ತಿದ್ದಳು.

ಮಾದರಿ ತೆಗೆಯುವ ಎರಡು ದಿನ ಮೊದಲೇ ಹಾಡಿಗೆ ಹೋಗಿ, ಎಣ್ಣೆ, ಕ್ರೀಮು ಹಚ್ಚಬೇಡಿ ಎಂದು ಮನೆಮನೆಗೆ ಹೇಳಿದ್ದೆ. ಯಾಕೆ ಎಂದು ಕೇಳಿದವರಿಗೆ, "ಎಣ್ಣೆ ಇದ್ದರೆ ಟೇಪು ಅಂಟೋದಿಲ್ಲ" ಎಂದೆ. ಅಂಗಳದಲ್ಲಿ ನಿಂತು ಸೆರಮೈಡಿನ ಪಾಠ ಮಾಡುವುದಕ್ಕಿಂತ ಅಷ್ಟು ಸಾಕೆನಿಸಿತು. ಮೇ ಹನ್ನೆರಡರಂದು ಪ್ರತಿಯೊಬ್ಬರನ್ನೂ ಮತ್ತೆ ಕೇಳಿದೆ. ಆ ಹಾಡಿಯಲ್ಲಿ ಇಸುಬಿನವರು ಏಳು ಮಂದಿ. ಏಳೂ ಮನೆಯವರು ಎಣ್ಣೆ ಇಲ್ಲ ಎಂದರು. ಟೇಪು ಚೆನ್ನಾಗಿಯೇ ಅಂಟಿತು.

ಪ್ರಯೋಗಾಲಯದ ಉತ್ತರ ಬರಲು ವಾರಗಳು ಬೇಕು. ಅಲ್ಲಿಯವರೆಗೆ ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತೀರ್ಮಾನಿಸಲು ನಮ್ಮ ಬಳಿ ಒಂದು ಮೀಟರು ಇತ್ತು. ಚರ್ಮದ ಮೇಲೆ ಇಟ್ಟರೆ ಅಲ್ಲಿಂದ ಎಷ್ಟು ನೀರು ಆವಿಯಾಗಿ ಹೊರಹೋಗುತ್ತಿದೆ ಎಂದು ತೋರಿಸುತ್ತದೆ. ಅಂಕಿ ಹೆಚ್ಚಾದಷ್ಟೂ ಚರ್ಮದ ತಡೆ ದುರ್ಬಲ. ಅಂಕಿ ಹೆಚ್ಚಿದ್ದವರನ್ನು ವಾರಕ್ಕೊಮ್ಮೆ, ಕಡಿಮೆ ಇದ್ದವರನ್ನು ತಿಂಗಳಿಗೊಮ್ಮೆ ನೋಡಿಬರಬೇಕು. ಆ ಹುಡುಗಿಯನ್ನು ತೋಳಿನ ಬಟ್ಟೆ ಸರಿಸಿ, ಬೆವರು ಆರುವವರೆಗೆ ಕೂರಿಸಿ, ಮೂರು ಸಲ ಅಳೆದೆ. ಮೂರು ಸಲವೂ ಕಡಿಮೆಯೇ ಬಂತು. ತಿಂಗಳಿನ ಪಟ್ಟಿಗೆ ಅವಳನ್ನು ಸೇರಿಸಿದೆ.

ಜೂನಿನ ಭೇಟಿಯಲ್ಲಿ ಅವಳು ಚೆನ್ನಾಗಿದ್ದಳು. ಮತ್ತೆ ಹೋಗಬೇಕಾದದ್ದು ಜುಲೈ ಹದಿನಾಲ್ಕಕ್ಕೆ.

ಜುಲೈ ಮೂರರ ಸಂಜೆ ಪ್ರಯೋಗಾಲಯದಿಂದ ಮೇಲ್ ಬಂತು. ಆ ಹಾಡಿಯ ಏಳು ಮಾದರಿಗಳಲ್ಲಿ ಆರರಲ್ಲಿ ಲಾರಿಕ್ ಆಮ್ಲ ವಿಪರೀತವಾಗಿದೆ, ಅದು ತೆಂಗಿನೆಣ್ಣೆಯದು, ಈ ಮಾದರಿಗಳು ಲೆಕ್ಕಕ್ಕೆ ಬರುವುದಿಲ್ಲ ಎಂದಿತ್ತು. ಬೇರೆ ಹಾಡಿಗಳಿಂದ ಹೀಗೆ ಒಂದೂ ತಿರುಗಿಬಂದಿರಲಿಲ್ಲ. ಮಾದರಿ ಹಾಳಾಯಿತಲ್ಲ ಎಂದು ಮೊದಲು ಬೇಸರವಾಯಿತು. ಮರುದಿನ ಎಣ್ಣೆಯ ವಿಷಯ ವಿಚಾರಿಸಲು ಆ ಹಾಡಿಗೆ ಹೊರಟು, ಮಾನಂದವಾಡಿಯಿಂದ ಕುಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ ಇನ್ನೊಂದು ವಿಷಯ ಹೊಳೆಯಿತು. ಟೇಪಿನ ಅಡಿಯಲ್ಲಿ ಎಣ್ಣೆ ಇದ್ದದ್ದು ನಿಜವಾದರೆ ಮೀಟರಿನ ಅಡಿಯಲ್ಲೂ ಅದೇ ಎಣ್ಣೆ ಇತ್ತು. ಎಣ್ಣೆಯ ಪದರ ನೀರು ಆವಿಯಾಗುವುದನ್ನು ತಡೆಯುತ್ತದೆ. ನಾನು ಬರೆದುಕೊಂಡ ಅಂಕಿ ಎಣ್ಣೆಯದು, ಚರ್ಮದ್ದಲ್ಲ. ಆ ಆರು ಮಂದಿಯಲ್ಲಿ ಯಾರು ಯಾವ ಪಟ್ಟಿಯಲ್ಲಿರಬೇಕಿತ್ತು ಎಂದು ನನಗೆ ಗೊತ್ತೇ ಇಲ್ಲ.

ಇಳಿದಾಗ ಮಳೆ ಹನಿಯುತ್ತಿತ್ತು. ಹಾಡಿಯ ಮೊದಲ ಮನೆಯೇ ಆ ಹುಡುಗಿಯದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ನಮ್ಮ ಕಡೆ ಬೇವು ಅಪರೂಪ, ಗಡಿಯಲ್ಲಿರುವ ಬಾವಲಿ ದಾಟಿ ತರಬೇಕು. ಎಚ್.ಡಿ. ಕೋಟೆ ಕಡೆ ಶುಂಠಿ ಕೆಲಸಕ್ಕೆ ಹೋಗಿದ್ದ ಹುಡುಗಿಯ ತಂದೆ ಯಾರ ಕೈಯಲ್ಲೋ ಕಳಿಸಿದ್ದನಂತೆ. ಅಷ್ಟು ದೂರದಿಂದ ಬೇವು ತರಿಸಿದ್ದಾರೆ ಎಂದರೆ ಏನೆಂದು ಕೇಳಬೇಕಾಗಿಯೇ ಇರಲಿಲ್ಲ.

"ಅಲ್ಲೇ ನಿಲ್ಲು ಮೋಳೆ," ಅಂದಳು ಅಜ್ಜಿ, ಹೊಸ್ತಿಲ ಒಳಗಿಂದ, ಮಲಯಾಳದಲ್ಲಿ ಮಗಳೇ ಎಂದು ಕರೆದು. "ಕೂಸಿಗೆ ಅಮ್ಮ ಬಂದವಳೆ."

"ಯಾವಾಗಿಂದ ಅಜ್ಜಿ?"

"ಮೂರು ದಿವಸ ಪನಿ, ಜ್ವರ. ಮೈ ಕೆಂಡ. ಆಮೇಲೆ ಎದ್ದವು. ನೀನು ಮೀನು ತಿಂದು ಬಂದಿದ್ದೀಯಾ?"

"ಇಲ್ಲ ಅಜ್ಜಿ."

"ನೀನು ತಿಂದಿಲ್ಲದಿದ್ರೂ ನಿನ್ನ ಬ್ಯಾಗು ತಿಂದಿರುತ್ತೆ, ಬಸ್ಸಲ್ಲಿ ಬಂದದ್ದಲ್ವಾ. ಹೊರಗಿಡು. ಕಾಲು ತೊಳಿ."

ಸಿಡುಬಿನಂಥ ಗುಳ್ಳೆ ಎದ್ದರೆ ದೇವಿಯೇ ಮೈಮೇಲೆ ಬಂದಿದ್ದಾಳೆ ಎಂಬುದು ಇಲ್ಲಿನ ನಂಬಿಕೆ. ಮದ್ದು ಕೊಡಬಾರದು. ಮೂರು ಸಲ ಬೇವಿನ ನೀರು ಹಾಕುವವರೆಗೆ ಹೊಸ್ತಿಲು ದಾಟಿಸಬಾರದು. ನನಗೂ ಚಿಕ್ಕಂದಿನಲ್ಲಿ ಹೀಗೇ ಮಾಡಿದ್ದರು. ಕಾಲು ತೊಳೆದು ಒಳಗೆ ಹೋದೆ.

ಮಗು ಚಾಪೆಯ ಮೇಲಿತ್ತು. ಪಕ್ಕದಲ್ಲಿ ತಾಯಿ, ಏಳು ತಿಂಗಳ ಬಸುರಿ, ಸೊಪ್ಪಿನಿಂದ ಗಾಳಿ ಹಾಕುತ್ತಿದ್ದಳು. ಹೊಟ್ಟೆ ಮತ್ತು ಬೆನ್ನಿನ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು, ಏಳುವುದು ಅಲ್ಲೇ ಹೆಚ್ಚು, ಅದೂ ಹೊಸ ಗುಳ್ಳೆ ಹಳೆಯ ಗುಳ್ಳೆ ಬೆರೆತು ಇರುತ್ತದೆ. ಇಲ್ಲಿ ಇಸುಬು ಇದ್ದ ಜಾಗಗಳಲ್ಲೇ, ಮೊಣಕೈ ಸಂದಿನಲ್ಲಿ, ಕುತ್ತಿಗೆಯಲ್ಲಿ, ಕೆನ್ನೆಯಲ್ಲಿ, ಎಲ್ಲ ಒಂದೇ ಅಳತೆಯ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ಒಡೆದ ಕಡೆ ಚರ್ಮವನ್ನು ಉಳಿಯಿಂದ ಕೊರೆದ ಹಾಗೆ ದುಂಡನೆಯ ಗುಳಿ. ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ತರಬೇತಿಯಲ್ಲಿ ಚರ್ಮದ ಡಾಕ್ಟರು ತೋರಿಸಿದ ಚಿತ್ರ ಹೀಗೇ ಇತ್ತು. ಇದು ಕಣ್ಣಿನ ಹತ್ತಿರ ಬಂದರೆ ಮರುದಿನಕ್ಕೆ ಕಾಯಬಾರದು ಎಂದೂ ಹೇಳಿದ್ದರು.

ತಲೆಯೆತ್ತಿ ಅಜ್ಜಿಯನ್ನು ನೋಡಿದೆ. ಅವಳ ಕೆಳತುಟಿಯ ಮೂಲೆಯಲ್ಲಿ ಒಣಗುತ್ತಿದ್ದ ಒಂದು ಹಕ್ಕಳೆ ಇತ್ತು.

ಫೋನು ಸಿಗುವುದು ಅಂಗನವಾಡಿಯ ಅಂಗಳದಲ್ಲಿ ಮಾತ್ರ. ಅಲ್ಲಿಂದ ನಮ್ಮ ಅಧ್ಯಯನದ ಕೋಆರ್ಡಿನೇಟರಿಗೆ ಕರೆ ಮಾಡಿ ಫೋಟೊ ಕಳಿಸಿದೆ. ಅವರು ಅದನ್ನು ನೋಡಿ ಮಲಯಾಳದಲ್ಲಿ, "ನಾವು ಕಾಯುತ್ತಿದ್ದ ಮೊದಲ ಕೇಸು ಇದೇ" ಎಂದರು. ಗುಳ್ಳೆಯ ನೀರನ್ನು ತೆಗೆದು ವೈರಸ್ಸನ್ನು ಖಚಿತ ಮಾಡಿಕೊಳ್ಳಬೇಕು. ಮದ್ದು ಶುರುವಾದ ಮೇಲೆ ತೆಗೆದರೆ ಸಿಗದೇ ಹೋಗಬಹುದು. ಕಿಟ್ಟು ಹಿಡಿದು ತಂಡ ನಾಳೆ ಬೆಳಿಗ್ಗೆ ಬರುತ್ತದೆ, ಅಲ್ಲಿಯವರೆಗೆ ಮಗುವನ್ನು ಎಲ್ಲಿಗೂ ಕರೆದೊಯ್ಯಬೇಡಿ, ನೀವು ರೋಗ ನಿರ್ಣಯ ಮಾಡುವವರಲ್ಲ ಎಂದರು. ಕೊನೆಯ ಮಾತು ಸರಿಯೇ. ನಿಯಮದಲ್ಲಿಯೂ ಹಾಗೇ ಇದೆ.

ಅಂಗಳದಲ್ಲಿ ನಿಂತುಕೊಂಡೇ ಯೋಚಿಸಿದೆ. ನಾನು ತಪ್ಪಾಗಿದ್ದರೆ, ಸೀತಾಳೆ ಸಿಡುಬು ಬಂದ ಒಂದು ಮಗುವನ್ನು ಸುಮ್ಮನೆ ಆಸ್ಪತ್ರೆಗೆ ಎಳೆದೊಯ್ದಂತಾಗುತ್ತದೆ. ಹಾಡಿಯವರು ಮತ್ತೆ ನನ್ನನ್ನು ಸೇರಿಸುವುದಿಲ್ಲ. ಸರಿಯಾಗಿದ್ದು ನಾಳೆಯವರೆಗೆ ಕಾದರೆ, ಹೋಗುವುದು ಅವಳ ಕಣ್ಣು. ಆಮೇಲೆ ಏನು ಬೇಕಾದರೂ ಆಗಬಹುದು. ಎರಡನೇ ಕರೆಯನ್ನು ಬೇಗೂರಿನ ಒಬ್ಬ ಜೀಪಿನವನಿಗೆ ಮಾಡಿದೆ.

ಅಮ್ಮ ಅಲ್ಲ ಎಂದು ವಾದಿಸಿದ್ದರೆ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಬೇರೆ ಮಾತು ಆಡಿದೆ.

"ಅಜ್ಜಿ, ಕಣ್ಣಿಗೆ ಇಳಿದಿದೆ. ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು."

ಅಜ್ಜಿಯ ಮುಖ ಬದಲಾಯಿತು. ಅವಳ ಅಣ್ಣನೊಬ್ಬನಿಗೆ ಚಿಕ್ಕಂದಿನಲ್ಲಿ ಹೀಗೇ ಕಣ್ಣು ಹೋಗಿತ್ತಂತೆ. ಹೊಸ್ತಿಲಿಗೆ ಅರಿಸಿನದ ನೀರು ಚಿಮುಕಿಸಿ, ಬಾಗಿಲಿನ ಬೇವನ್ನು ಬಿಚ್ಚಿ ಮಗುವಿನ ಮೇಲೆ ಹೊದಿಸಿ, "ತಪ್ಪಾದ್ರೆ ನನ್ನ ಮೇಲಿರಲಿ" ಎಂದು ಗೋಡೆಯ ಕಡೆಗೆ ನೋಡಿ ಹೇಳಿ ತಾನೇ ಎತ್ತಿಕೊಂಡಳು.

ಜೀಪಿನವನು ಬೇವು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು, ಅಕ್ಕಾ ಎಂದು ಮಲಯಾಳದಲ್ಲಿ ಶುರು ಮಾಡಿದ.

"ಚೇಚೀ, ಚಿಕನ್‌ಪಾಕ್ಸ್ ಆದ್ರೆ ನಾನಿಲ್ಲ ಕೇಟ್ಟೋ. ನನಗಿನ್ನೂ ಬಂದಿಲ್ಲ ಅದು. ಮುಂದಿನ ತಿಂಗಳು ಮದುವೆ ನನಗೆ."

"ಚಿಕನ್‌ಪಾಕ್ಸ್ ಅಲ್ಲ."

"ಮತ್ತೆ ಬೇವು ಯಾಕೆ? ಅಲಂಕಾರಕ್ಕಾ?"

"ಅಲ್ಲ ಅಂದೆನಲ್ಲ ಅಣ್ಣ. ಇದು ಬೇರೆ, ಚರ್ಮದ ಕಾಯಿಲೆ. ನಿಮಗೆ ಏನೂ ಆಗಲ್ಲ, ನೀವು ಮುಟ್ಟೋದು ಬೇಡ. ಗಾಡಿ ತೆಗೀರಿ."

ಅವನು ಗೊಣಗುತ್ತ ಗಾಡಿ ತೆಗೆದ. ಮೊದಲ ತಿರುವು ದಾಟುವಷ್ಟರಲ್ಲಿ ಅಜ್ಜಿ ಬಾಯಿ ತೆರೆದಳು.

"ಅಮ್ಮ ಅಲ್ಲ ಅಂದ್ಯಾ ಅವನಿಗೆ?"

ನಾನು ಮಗುವಿನ ಮೇಲಿಂದ ಜಾರುತ್ತಿದ್ದ ಬೇವನ್ನು ಸರಿಯಾಗಿ ಹೊದಿಸಿದೆ.

"ಒಳಗೊಂದು ಮಾತು, ಹೊರಗೊಂದು ಮಾತು. ನೀನೂ ಆಪೀಸಿನವಳೇ ಆದೆ. ನಿಲ್ಲಿಸಪ್ಪ ಗಾಡಿ."

ಜೀಪು ನಿಧಾನವಾಯಿತು. ಆಗ ತಾಯಿ ಮಾತಾಡಿದಳು. ಬೆಳಗಿನಿಂದ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

"ನಿಲ್ಲಿಸಬೇಡಿ ಅಣ್ಣ. ಅತ್ತೆ, ಅಮ್ಮ ಆದ್ರೂ ಆಗ್ಲಿ, ಅಲ್ಲದಿದ್ರೂ ಆಗ್ಲಿ. ಕಣ್ಣು ಕೂಸಿಂದು."

ಜೀಪು ಮತ್ತೆ ವೇಗ ಹಿಡಿಯಿತು. ಮಾನಂದವಾಡಿ ಹತ್ತಿರವಾದಾಗ ಅಜ್ಜಿ ಮೆಲ್ಲನೆ ಕೇಳಿದಳು: "ಅಮ್ಮ ಅಲ್ಲದಿದ್ರೆ ಮತ್ತೆ ಎಲ್ಲಿಂದ ಬಂತು ಮೋಳೆ ಇದು?"

ನನಗೆ ಉತ್ತರ ಗೊತ್ತಿತ್ತು. "ಡಾಕ್ಟರು ಹೇಳ್ತಾರೆ" ಎಂದೆ.

ಡಾಕ್ಟರು ಹೇಳಿಯೇಬಿಟ್ಟರು. ಪರೀಕ್ಷಿಸಿ, ನರಕ್ಕೆ ಮದ್ದು ಹಾಕಲು ನರ್ಸಿಗೆ ಹೇಳಿ, ತಿರುಗುವಾಗ ಅಜ್ಜಿಯ ತುಟಿ ಕಂಡರು. ಇದು ಯಾವಾಗ ಎದ್ದದ್ದು, ಮಗುವಿಗೆ ಮುತ್ತು ಕೊಟ್ಟಿದ್ದೀರಾ, ಗುಳ್ಳೆ ಮುಟ್ಟಿದ ಕೈಯಲ್ಲಿ ಮಗುವನ್ನು ಮುಟ್ಟಿದ್ದೀರಾ ಎಂದು ಮಲಯಾಳದಲ್ಲಿ ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅವಸರವಿತ್ತು. ನಿಮ್ಮದೇ ವೈರಸ್ಸು ಮಗುವಿನ ಮೈಗೆ ಹೋಗಿದೆ, ಸೊಸೆಯ ಹೆರಿಗೆ ಆದ ಮೇಲೆ ಆ ಮಗುವಿನ ಬಗ್ಗೆ ಇನ್ನೂ ಜಾಗ್ರತೆ ಬೇಕು ಎಂದರು. ನಾನು ಅನುವಾದಿಸುವ ಅಗತ್ಯವಿರಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ಎರಡು ದಿನ ಜ್ವರ ಇಳಿಯಲಿಲ್ಲ. ಊದಿದ ಕೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರು. ಕೊನೆಗೆ ಪಾದದಲ್ಲಿ ಸಿಕ್ಕಿತು. ಒಡೆದ ಗುಳ್ಳೆಗಳಲ್ಲಿ ಕೀವು ಸೇರಿಕೊಂಡು ಇನ್ನೊಂದು ಮದ್ದು ಶುರುವಾಯಿತು. ಮೂರನೆಯ ದಿನ ಮಗು ಗಂಜಿ ಕೇಳಿತು. ಕಣ್ಣಿನ ಡಾಕ್ಟರು ಬಂದು, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹುಣ್ಣು ತಗಲಿದೆ, ಮಾಯುತ್ತದೆ, ಕಲೆ ಉಳಿಯುತ್ತದೆ ಎಂದರು.

ಎಣ್ಣೆಯ ಪ್ರಶ್ನೆಯನ್ನು ನಾನು ಕೇಳಿದ್ದು ನಾಲ್ಕನೆಯ ದಿನ, ವಾರ್ಡಿನ ಹೊರಗಿನ ಬೆಂಚಿನ ಮೇಲೆ.

"ಹಚ್ಚಿದ್ದೆ," ಅಂದಳು ಅಜ್ಜಿ. "ಆ ದಿವಸ ಬೆಳಿಗ್ಗೆನೇ ಹಚ್ಚಿ, ಹೆಸರುಹಿಟ್ಟು ಹಾಕಿ ಉಜ್ಜಿ ತೊಳೆದಿದ್ದೆ. ಟೇಪು ಅಂಟಿತಲ್ಲ?"

"ಹಚ್ಚಲೇಬೇಡಿ ಅಂದಿದ್ದೆ ಅಜ್ಜಿ."

"ಅಂಟೋದಿಲ್ಲ ಅಂದಿದ್ದೆ. ಅಂಟಿತು. ಹಾವಿನ ಪೊರೆ ಥರ ಬಿಳಿ ಎದ್ದ ಮೈಯಲ್ಲಿ ಕೂಸನ್ನ ಹೊರಗಿನವರ ಕೈಗೆ ಹೇಗೆ ಕೊಡ್ಲಿ? ನೋಡಿದವರು ಏನಂದಾರು, ಈ ಮನೇಲಿ ನೋಡ್ಕೊಳ್ಳೋರೇ ಇಲ್ವಾ ಅಂತ. ಎಲ್ಲರ ಮನೇಲೂ ಹಾಗೇ ಮಾಡಿದ್ದು. ಮೂಲೆಮನೆಯವಳೊಬ್ಬಳು ಮಾಡಲಿಲ್ಲ, ಅವಳಿಗೆ ಸೋಮಾರಿತನ."

ಮೂಲೆಮನೆಯ ಮಾದರಿಯೊಂದೇ ತಿರುಗಿಬಂದಿರಲಿಲ್ಲ.

ನಾನು ಕೊಟ್ಟ ಕಾರಣವನ್ನು ಆರು ಮನೆಯವರು ಅಕ್ಷರಶಃ ಪಾಲಿಸಿದ್ದರು. ಮಗುವನ್ನು ಚೆನ್ನಾಗಿ ಸಿಂಗರಿಸಿ ನನ್ನೆದುರು ಕೂರಿಸಿದ್ದರು. ಕೊಬ್ಬನ್ನೇ ಅಳೆಯುವುದು, ಎಣ್ಣೆಯೂ ಕೊಬ್ಬೇ, ತೊಳೆದರೂ ಅದು ಪದರದೊಳಗೆ ಉಳಿಯುತ್ತದೆ ಎಂದು ಹೇಳಿದ್ದರೆ ಅಜ್ಜಿಗೆ ಅರ್ಥವಾಗದೆ ಇರುತ್ತಿರಲಿಲ್ಲ. ಹುಡುಗಿ ವಾರದ ಪಟ್ಟಿಯಲ್ಲಿದ್ದಿದ್ದರೆ ಜ್ವರದ ಮೊದಲ ದಿನಗಳಲ್ಲೇ ನಾನು ಆ ಮನೆಗೆ ಹೋಗಿರುತ್ತಿದ್ದೆ. ಆಗಲೂ ಕಣ್ಣು ಉಳಿಯುತ್ತಿತ್ತು ಎಂದು ಖಚಿತವಾಗಿ ಹೇಳಲಾರೆ.

ತಂಡಕ್ಕೆ ಕಾಯದೆ ಹೋದದ್ದಕ್ಕೆ ಲಿಖಿತ ವಿವರಣೆ ಕೇಳಿದರು, ಕೊಟ್ಟೆ. ಆಸ್ಪತ್ರೆಯಲ್ಲಿ ಮದ್ದಿಗೆ ಮೊದಲೇ ತೆಗೆದ ಗುಳ್ಳೆಯ ನೀರಿನಲ್ಲಿ ಹರ್ಪಿಸ್ ಖಚಿತವಾಯಿತು. ಆದರೆ ಮೇ ತಿಂಗಳ ಮಾದರಿ ಅನರ್ಹವಾದ್ದರಿಂದ ಅವಳನ್ನು ಅಧ್ಯಯನದಿಂದ ಕೈಬಿಟ್ಟರು. ಸೋಂಕು ತಗಲುವ ಮೊದಲು ಅವಳ ಚರ್ಮದಲ್ಲಿ ಯಾವ ಕೊಬ್ಬು ಎಷ್ಟಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಕೋಆರ್ಡಿನೇಟರು ಕೆಟ್ಟವರಲ್ಲ. ಅದನ್ನು ಹೇಳುವಾಗ ಅವರೂ ನನ್ನ ಮುಖ ನೋಡಲಿಲ್ಲ. ಉಳಿದ ಐದು ಮಂದಿಯನ್ನು ಮತ್ತೆ ಅಳೆಯಲು ಅನುಮತಿ ಸಿಕ್ಕಿತು. ಈ ಸಲ ಪ್ರತಿ ಮನೆಯಲ್ಲೂ ಕೂತು ಪೂರ್ತಿ ಕಾರಣ ಹೇಳಿದೆ. ಐವರಲ್ಲಿ ಇಬ್ಬರು ತಿಂಗಳಿನ ಪಟ್ಟಿಯಿಂದ ವಾರದ ಪಟ್ಟಿಗೆ ಬಂದರು.

ನವೆಂಬರಿನಲ್ಲಿ ಆ ಮನೆಗೆ ಹೋಗಿದ್ದೆ. ಹುಡುಗಿಯ ಎಡಗಣ್ಣಿನಲ್ಲಿ ಮಂಜು ಕವಿದಂಥ ಬಿಳಿ ಇದೆ. ಆಟವಾಡುವಾಗ ಆ ಬದಿಯ ಕಂಬಕ್ಕೆ ತಗಲುತ್ತಾಳೆ. ಸೆಪ್ಟೆಂಬರಿನಲ್ಲಿ ಹುಟ್ಟಿದ ತಮ್ಮ ಚಾಪೆಯ ಮೇಲಿದ್ದ. ಅವನ ಕೆನ್ನೆ ಎರಡೂ ಒರಟು, ಕೆಂಪು. ಇಸುಬು ಶುರುವಾಗುವುದೇ ಹಾಗೆ. ಅವನು ಅಳುತ್ತಿದ್ದ. ಅಜ್ಜಿ ಆಚೆ ಗೋಡೆಗೆ ಒರಗಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಎತ್ತಿಕೊಂಡಳು.

"ನೋಡಿ ಅಕ್ಕಾ. ಹುಟ್ಟಿದಾಗಿಂದ ಅತ್ತೆ ಇವನನ್ನ ಒಂದು ಸಲನೂ ಎತ್ತಿಲ್ಲ. ಹುಡುಗೀನೂ ಹತ್ತಿರ ಬಿಡ್ತಿಲ್ಲ. ಅವಳು ಅಜ್ಜೀ ಅಂತ ಹೋದ್ರೆ ಇವರು ಎದ್ದು ಹೊರಗೆ ಹೋಗ್ತಾರೆ."

"ಗುಳ್ಳೆ ಇಲ್ಲದಾಗ ಎತ್ತಿಕೊಳ್ಳಬಹುದು ಅಜ್ಜಿ," ಎಂದೆ. "ಕೈ ತೊಳೆದುಕೊಂಡರೆ ಸಾಕು. ಮುತ್ತು ಕೊಡಬೇಡಿ ಅಷ್ಟೆ. ಡಾಕ್ಟರೂ ಹಾಗೇ ಹೇಳಿದ್ದಾರೆ."

"ಗುಳ್ಳೆ ಇಲ್ಲದಾಗ ಅದು ಎಲ್ಲಿಗೆ ಹೋಗಿರುತ್ತೆ?"

"ಒಳಗೇ ಇರುತ್ತೆ."

"ಸಾಯೋವರೆಗೂ?"

"ಹೌದು."

"ಗುಳ್ಳೆ ಏಳದೇನೂ ಕೆಲವು ಸಲ ಬಾಯಿಗೆ ಬರುತ್ತಂತೆ. ಆಸ್ಪತ್ರೇಲಿ ನರ್ಸ್ ಹೇಳಿದ್ಲು. ಸುಳ್ಳಾ?"

"ಸುಳ್ಳಲ್ಲ. ಆದರೆ ಅಪರೂಪಕ್ಕೆ."

"ಇವನ ಕೆನ್ನೆ ನೋಡು. ಅಕ್ಕಂದೇ ಚರ್ಮ. ಏನೂ ಆಗಲ್ಲ ಅಂತ ಹೇಳು ನೀನು, ಈಗಲೇ ಎತ್ತಿಕೊಳ್ತೀನಿ."

ಹಾಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ಅಧ್ಯಯನದ ಫಲಿತಾಂಶ ಬರಲು ಇನ್ನೂ ಕಾಲ ಬೇಕು. ಬಂದರೂ ಅದು ಗುಂಪಿನ ಮಾತು ಹೇಳುತ್ತದೆಯೇ ಹೊರತು ಈ ಒಂದು ಮಗುವಿನದಲ್ಲ. ಚರ್ಮದ ಡಾಕ್ಟರನ್ನು ಕೇಳಿದೆ. ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು ಎಂದರು. ಆ ಮಾತನ್ನು ಅಜ್ಜಿಗೆ ತಲುಪಿಸಿದೆ. ಅವಳು ತಲೆಯಾಡಿಸಿದಳು, ಕೈ ಹೊರಗೆ ತೆಗೆಯಲಿಲ್ಲ.

ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇಸುಬಿನ ಚರ್ಮ ಇರುವ ಶಿಶು, ತುಟಿಯ ಹರ್ಪಿಸ್ ಇರುವ ಹಿರಿಯರು, ಇಬ್ಬರೂ ಒಂದೇ ಮನೆಯಲ್ಲಿರುವುದನ್ನು ವರ್ಷಗಟ್ಟಲೆ ನೋಡಿದ ವೈದ್ಯರು, ದಾದಿಯರು ಯಾರಾದರೂ ಇದ್ದರೆ, ಅಂಥ ಮನೆಗಳಲ್ಲಿ ಏನು ನಿಯಮ ಹೇಳುತ್ತೀರಿ, ಅದರಿಂದ ಏನಾಯಿತು, ದಯವಿಟ್ಟು ತಿಳಿಸಿ. ಅಂಥ ಮನೆಗಳಲ್ಲೇ ಬೆಳೆದವರೂ ಬರೆಯಬಹುದು. ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ಸಿಗುತ್ತದೆ. ಅಜ್ಜಿಗೆ ಓದಲು ಬರುವುದಿಲ್ಲ, ಬಂದದ್ದನ್ನು ಒಂದು ಮಾತೂ ಬಿಡದೆ ನಾನೇ ಓದಿ ಹೇಳುತ್ತೇನೆ. ಮಗುವಿಗೆ ಈಗ ಮೂರನೇ ತಿಂಗಳು.